ಸಾಯಬೇಕಾದ ಕೋಶ ಸಾಯದೇ ಉಳಿದರೆ: ಬಿಸಿಎಲ್-2 ಪ್ರೋಟೀನ್ ಬಗ್ಗೆ ಓದುಗರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಮ್ಮ ಚಿಕ್ಕಮ್ಮನ ಕುತ್ತಿಗೆಯಲ್ಲಿ ಗಂಟು ಕಾಣಿಸಿಕೊಂಡಿತ್ತು. ಬಯಾಪ್ಸಿ ಮಾಡಿಸಿದೆವು. ವರದಿಯಲ್ಲಿ ‘ಫಾಲಿಕ್ಯುಲರ್ ಲಿಂಫೋಮಾ, ಬಿಸಿಎಲ್-2 ಪಾಸಿಟಿವ್’ ಎಂದು ಬಂದಿದೆ. ಬಿಸಿಎಲ್-2 ಅಂದರೆ ಜೀವಕೋಶ ಸಾಯದಂತೆ ತಡೆಯುವ ಪ್ರೋಟೀನ್ ಎಂದು ಓದಿದೆ. ಕೋಶ ಸಾಯದಿರುವುದು ಒಳ್ಳೆಯದೇ ಅಲ್ವಾ? ಅದರಿಂದ ಕಾಯಿಲೆ ಹೇಗೆ ಬರುತ್ತದೆ? ಈ ಪ್ರೋಟೀನನ್ನೇ ತಡೆಯುವ ಮಾತ್ರೆ ಇದೆಯಂತೆ. ಹಾಗಿದ್ದರೂ ಡಾಕ್ಟರ್ ಅದನ್ನು ಕೊಡದೆ ‘ಸದ್ಯಕ್ಕೆ ಕಾದು ನೋಡೋಣ’ ಅನ್ನುತ್ತಿದ್ದಾರೆ. ಯಾಕೆ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯೇ ಎಲ್ಲಕ್ಕಿಂತ ಚೆನ್ನಾಗಿದೆ. ಆದರೆ ಅಲ್ಲಿಗೆ ತಲುಪಲು ಮೊದಲಿನದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು.

ಕೋಶ ಸಾಯದಿರುವುದು ಒಳ್ಳೆಯದು ಎಂಬ ಅನಿಸಿಕೆ ಸಹಜ. ಆದರೆ ನಮ್ಮ ಮೈ ನಡೆಯುವುದೇ ಕೋಶಗಳ ಸಾವಿನಿಂದ. ವಯಸ್ಕರ ದೇಹದಲ್ಲಿ ದಿನಕ್ಕೆ ಸುಮಾರು 33 ಸಾವಿರ ಕೋಟಿ ಕೋಶಗಳು ಹೋಗಿ, ಅಷ್ಟೇ ಹೊಸವು ಬರುತ್ತವೆ ಎಂಬ ಲೆಕ್ಕವಿದೆ. ಅದರಲ್ಲಿ ಬಹುಪಾಲು ರಕ್ತದ ಕೋಶಗಳು, ಆಮೇಲೆ ಕರುಳಿನ ಒಳಪದರದವು. ಎದೆಯೊಳಗಿನ ಥೈಮಸ್ ಗ್ರಂಥಿಯಲ್ಲಿ ಹುಟ್ಟುವ ಟಿ-ಕೋಶಗಳೆಂಬ ರೋಗನಿರೋಧಕ ಕೋಶಗಳಲ್ಲಿ 95%ಕ್ಕಿಂತ ಜಾಸ್ತಿ ಅಲ್ಲೇ ಸಾಯುತ್ತವೆ. ಕೆಲಸಕ್ಕೆ ಬಾರದವು, ನಮ್ಮ ಮೈಯನ್ನೇ ಶತ್ರು ಎಂದು ಹಿಡಿಯುವಂಥವು ಹೊರಗೆ ಬರಬಾರದಲ್ಲ. ಹೀಗೆ ಕೋಶ ತನ್ನೊಳಗಿನ ವ್ಯವಸ್ಥೆಯಿಂದಲೇ ಅಚ್ಚುಕಟ್ಟಾಗಿ ಸಾಯುವುದಕ್ಕೆ ಅಪೊಪ್ಟೋಸಿಸ್ ಎಂದು ಹೆಸರು. ಜಾನ್ ಕೆರ್, ಆಂಡ್ರೂ ವೈಲಿ, ಅಲಾಸ್ಟೇರ್ ಕರಿ ಎಂಬ ಮೂವರು 1972ರಲ್ಲಿ ಈ ಹೆಸರಿಟ್ಟರು. ಗಾಯವಾಗಿ, ಉಬ್ಬಿ, ಒಡೆದು ಸಾಯುವ ಕೋಶ ಸುತ್ತಮುತ್ತ ಉರಿಯೂತ ಎಬ್ಬಿಸುತ್ತದೆ, ಇದು ಎಬ್ಬಿಸುವುದಿಲ್ಲ. ಕೋಶ ಕುಗ್ಗುತ್ತದೆ, ಒಳಗಿನ ಡಿಎನ್‌ಎ ತುಂಡಾಗುತ್ತದೆ, ಉಳಿದದ್ದನ್ನು ಪಕ್ಕದ ಕೋಶಗಳು ನುಂಗಿಬಿಡುತ್ತವೆ.

ಈಗ ಕ್ಯಾನ್ಸರ್ ಕಡೆ ಬರೋಣ. ಲಿಂಫೋಮಾ ಅಂದರೆ ಲಿಂಫೋಸೈಟ್ ಎಂಬ ರೋಗನಿರೋಧಕ ಕೋಶಗಳ ಕ್ಯಾನ್ಸರ್. ಒಂದು ತೊಟ್ಟಿ ತುಂಬಿ ಹರಿಯಲು ಎರಡು ಕಾರಣ ಇರಬಹುದು: ನಲ್ಲಿ ಜಾಸ್ತಿ ತಿರುಗಿಸಿರಬಹುದು, ಇಲ್ಲವೇ ತಳದ ತೂತು ಮುಚ್ಚಿರಬಹುದು. 1980ರ ದಶಕದ ತನಕ ಕ್ಯಾನ್ಸರ್ ಸಂಶೋಧಕರು ನೋಡುತ್ತಿದ್ದದ್ದು ನಲ್ಲಿಯನ್ನು ಮಾತ್ರ. ಆಗ ಗೊತ್ತಿದ್ದ ಕ್ಯಾನ್ಸರ್ ಜೀನ್‌ಗಳು, ಅಂದರೆ ಮಿಕ್, ರಾಸ್ ಮುಂತಾದವು, ಕೋಶ ಮತ್ತೆ ಮತ್ತೆ ವಿಭಜನೆಯಾಗಿ ಹೆಚ್ಚುವಂತೆ ಮಾಡುವಂಥವು. ಹೊಸದಾಗಿ ಸಿಕ್ಕ ಬಿಸಿಎಲ್-2 ಜೀನ್ ಕೂಡ ಹಾಗೇ ಇರಬೇಕು ಎಂದು ಎಲ್ಲರೂ ಅಂದುಕೊಂಡಿದ್ದರು.

ಬಿಸಿಎಲ್-2 ಸಿಕ್ಕಿದ್ದು ನಿಮ್ಮ ಚಿಕ್ಕಮ್ಮನಿಗೆ ಬಂದಿರುವ ಕಾಯಿಲೆಯಲ್ಲೇ. ಫಾಲಿಕ್ಯುಲರ್ ಲಿಂಫೋಮಾ ಇರುವವರ ಕೋಶಗಳಲ್ಲಿ 14ನೇ ಮತ್ತು 18ನೇ ಕ್ರೋಮೊಸೋಮ್‌ಗಳು ತುಂಡಾಗಿ, ತುದಿಗಳು ಅದಲು ಬದಲಾಗಿ ಅಂಟಿಕೊಂಡಿರುವುದು ಸೂಕ್ಷ್ಮದರ್ಶಕದಲ್ಲೇ ಕಾಣುತ್ತಿತ್ತು. ಅಂಟಿಕೊಂಡ ಜಾಗದಲ್ಲಿ ಯಾವ ಜೀನ್ ಇದೆ ಎಂದು ಫಿಲಡೆಲ್ಫಿಯಾದ ವಿಸ್ಟಾರ್ ಸಂಸ್ಥೆಯಲ್ಲಿ ಯೋಶಿಹಿಡೆ ತ್ಸುಜಿಮೊಟೊ ಮತ್ತು ಕಾರ್ಲೊ ಕ್ರೋಚೆ ಹುಡುಕಿದರು. 1984-85ರ ಹೊತ್ತಿಗೆ ಜೀನ್ ಸಿಕ್ಕಿತು. ಬಿ-ಸೆಲ್ ಲಿಂಫೋಮಾಗಳಲ್ಲಿ, ಅಂದರೆ ಆ್ಯಂಟಿಬಾಡಿ ತಯಾರಿಸುವ ಬಿ-ಕೋಶಗಳ ಕ್ಯಾನ್ಸರ್‌ಗಳಲ್ಲಿ, ಹೀಗೆ ಸಿಕ್ಕ ಎರಡನೆಯದು, ಆದ್ದರಿಂದ ಬಿಸಿಎಲ್-2. ಜೀನ್ ಸಿಕ್ಕಿತು, ಸರಿ. ಅದು ಮಾಡುವ ಕೆಲಸ ಏನು?

ಅದನ್ನು ತೋರಿಸಿದ್ದು 1988ರಲ್ಲಿ ಮೆಲ್ಬರ್ನ್‌ನ ವಾಲ್ಟರ್ ಆ್ಯಂಡ್ ಎಲೈಜಾ ಹಾಲ್ ಸಂಸ್ಥೆಯ ಡೇವಿಡ್ ವಾಕ್ಸ್. ಆಗ ಅವರು ಇನ್ನೂ ಪಿಎಚ್‌.ಡಿ. ವಿದ್ಯಾರ್ಥಿ. ಜೊತೆಗೆ ಸುಜಾನ್ ಕೋರಿ ಮತ್ತು ಜೆರ್ರಿ ಆ್ಯಡಮ್ಸ್ ಇದ್ದರು. ಪ್ರಯೋಗ ನೋಡಲು ಸರಳ. ಐಎಲ್-3 ಎಂಬ ಬೆಳವಣಿಗೆ ಅಂಶ ಇಲ್ಲದಿದ್ದರೆ ಬದುಕದ ರಕ್ತಕೋಶಗಳಿವೆ. ಅಂಥ ಕೋಶಗಳಿಗೆ ಬಿಸಿಎಲ್-2 ಜೀನ್ ಸೇರಿಸಿ, ಆಮೇಲೆ ಐಎಲ್-3 ತೆಗೆದುಬಿಟ್ಟರು. ಮಾಮೂಲಿ ಕೋಶಗಳು ಸತ್ತವು. ಬಿಸಿಎಲ್-2 ಇದ್ದವು ಸಾಯಲಿಲ್ಲ. ಆದರೆ ಹೆಚ್ಚಲೂ ಇಲ್ಲ! ಸುಮ್ನೆ ಹಾಗೇ ಕೂತಿದ್ದವು. ಐಎಲ್-3 ಮತ್ತೆ ಕೊಟ್ಟಾಗ ಬೆಳೆಯಲು ಶುರು ಮಾಡಿದವು. ಅಂದರೆ ಈ ಜೀನ್ ನಲ್ಲಿಯನ್ನು ಮುಟ್ಟುವುದೇ ಇಲ್ಲ, ತೂತನ್ನು ಮುಚ್ಚುತ್ತದೆ. ಕೋಶದ ಸಾವನ್ನು ನಿಯಂತ್ರಿಸುವ ಜೀನೊಂದು ಮನುಷ್ಯರಲ್ಲಿ ಗುರುತಾಗಿದ್ದು ಇದೇ ಮೊದಲು. ನನ್ನನ್ನು ಕೇಳಿದರೆ ಕ್ಯಾನ್ಸರ್ ಜೀವಶಾಸ್ತ್ರದ ತೀರಾ ಸೊಗಸಾದ ಪ್ರಯೋಗಗಳಲ್ಲಿ ಇದೂ ಒಂದು.

ಇಲ್ಲೊಂದು ಉಪಕಥೆ ಇದೆ. ಅದೇ ಕಾಲಕ್ಕೆ ರಾಬರ್ಟ್ ಹಾರ್ವಿಟ್ಜ್ ಅವರ ತಂಡ ಒಂದು ಮಿಲಿಮೀಟರ್ ಉದ್ದದ ಹುಳುವಿನಲ್ಲಿ ಕೋಶಗಳ ಸಾವನ್ನು ಒಂದೊಂದಾಗಿ ಎಣಿಸುತ್ತಿತ್ತು. ಆ ಹುಳು ಬೆಳೆಯುವಾಗ 1090 ಕೋಶಗಳು ಹುಟ್ಟುತ್ತವೆ, ಅದರಲ್ಲಿ 131 ಯಾವಾಗಲೂ ಸಾಯುತ್ತವೆ. ಈ ಸಾವನ್ನು ತಡೆಯುವ ಹುಳುವಿನ ಜೀನ್ ಸೆಡ್-9 ಸಿಕ್ಕಾಗ, ಅದು ಬಿಸಿಎಲ್-2ಗೆ ಹತ್ತಿರದ ಸಂಬಂಧಿ ಎಂದು ತಿಳಿಯಿತು. ಮನುಷ್ಯನ ಬಿಸಿಎಲ್-2 ಜೀನನ್ನು ಹುಳುವಿಗೆ ಹಾಕಿದರೆ ಅಲ್ಲೂ ಸಾವು ತಪ್ಪುತ್ತದೆ. ಹುಳುವಿಗೂ ನಮಗೂ ಇಷ್ಟು ಹಳೆಯ ವ್ಯವಸ್ಥೆ ಒಂದೇ. ಈ ಹುಳುವಿನ ಅಧ್ಯಯನಕ್ಕೆ ಹಾರ್ವಿಟ್ಜ್, ಸಿಡ್ನಿ ಬ್ರೆನರ್ ಮತ್ತು ಜಾನ್ ಸಲ್‌ಸ್ಟನ್ ಅವರಿಗೆ 2002ರ ನೊಬೆಲ್ ಬಂತು.

ಬಿಸಿಎಲ್-2 ಸಾವನ್ನು ತಡೆಯುವುದು ಹೇಗೆ? ಇದು ಸ್ವಲ್ಪ ಗಮನ ಕೊಟ್ಟು ಓದಬೇಕಾದ ಭಾಗ. ನಿಮ್ಮ ಮೂರನೇ ಪ್ರಶ್ನೆಗೆ ಉತ್ತರ ಇಲ್ಲೇ ಅಡಗಿದೆ.

ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾದ ಒಳಗೆ ಸೈಟೊಕ್ರೋಮ್ ಸಿ ಎಂಬ ಪ್ರೋಟೀನ್ ಇರುತ್ತದೆ. ಒಳಗಿದ್ದಷ್ಟು ಹೊತ್ತು ಅದು ಶಕ್ತಿ ತಯಾರಿಕೆಗೆ ಬೇಕಾದದ್ದು. ಹೊರಗೆ ಸೋರಿತೋ, ಕ್ಯಾಸ್ಪೇಸ್ ಎಂಬ ಕತ್ತರಿಸುವ ಕಿಣ್ವಗಳು ಎಚ್ಚರಗೊಂಡು ಕೋಶವನ್ನು ಒಳಗಿನಿಂದಲೇ ತುಂಡು ಮಾಡುತ್ತವೆ. ಸೋರುವಂತೆ ಮಾಡುವುದು ಬ್ಯಾಕ್ಸ್ ಮತ್ತು ಬ್ಯಾಕ್ ಎಂಬ ಎರಡು ಪ್ರೋಟೀನ್‌ಗಳು. ಅವು ಮೈಟೊಕಾಂಡ್ರಿಯಾದ ಹೊರಪೊರೆಯಲ್ಲಿ ಗುಂಪುಗೂಡಿ ರಂಧ್ರ ಮಾಡುತ್ತವೆ. ಅವನ್ನು ಎಬ್ಬಿಸುವುದು ಇನ್ನೊಂದು ಗುಂಪು: ಬಿಮ್, ಬಿಡ್, ಪ್ಯೂಮಾ ಇತ್ಯಾದಿ. ಕೋಶಕ್ಕೆ ಏಟು ಬಿದ್ದಾಗ, ಉದಾಹರಣೆಗೆ ಡಿಎನ್‌ಎ ಹಾಳಾದಾಗ ಅಥವಾ ಬೆಳವಣಿಗೆ ಅಂಶ ಸಿಗದಾಗ, ಈ ಗುಂಪು ಹೆಚ್ಚುತ್ತದೆ.

ಬಿಸಿಎಲ್-2 ಇದೇ ಕುಟುಂಬದ್ದು, ಆದರೆ ಎದುರು ಪಕ್ಷ. ಅದರ ಮೇಲ್ಮೈಯಲ್ಲಿ ಒಂದು ಉದ್ದನೆಯ ತಗ್ಗು ಇದೆ. ಬಿಮ್‌ನಂಥ ಪ್ರೋಟೀನ್‌ಗಳ ಒಂದು ತುಣುಕು ಆ ತಗ್ಗಿನಲ್ಲಿ ಸರಿಯಾಗಿ ಕೂರುತ್ತದೆ. ಬಿಸಿಎಲ್-2 ಹೀಗೆ ಬಿಮ್ ಅನ್ನು ಹಿಡಿದಿಟ್ಟುಕೊಂಡುಬಿಡುತ್ತದೆ. ಎಚ್ಚರಗೊಂಡ ಬ್ಯಾಕ್ಸ್ ಸಿಕ್ಕರೆ ಅದನ್ನೂ ಹಿಡಿಯುತ್ತದೆ. ಹೀಗಾಗಿ ರಂಧ್ರ ಆಗುವುದಿಲ್ಲ, ಕೋಶ ಸಾಯುವುದಿಲ್ಲ. ಇಲ್ಲಿ ಒಂದು ವಿಷಯ ನೆನಪಿಟ್ಟುಕೊಳ್ಳಿ: ಸಾಯಲು ಹೇಳುವ ಪ್ರೋಟೀನ್ ನಾಶವಾಗಿಲ್ಲ. ಅದು ಅಲ್ಲೇ ಇದೆ, ಬಂಧನದಲ್ಲಿದೆ. ಬಿಸಿಎಲ್-2 ಜೊತೆಗೆ ಇದೇ ಕೆಲಸ ಮಾಡುವ ಇನ್ನೂ ಕೆಲವರಿದ್ದಾರೆ. ಮುಖ್ಯವಾಗಿ ಬಿಸಿಎಲ್-ಎಕ್ಸ್‌ಎಲ್ ಮತ್ತು ಎಂಸಿಎಲ್-1. ಈ ಎರಡು ಹೆಸರು ಮುಂದೆ ಮತ್ತೆ ಬರುತ್ತವೆ.

ಈಗ ಲಿಂಫೋಮಾ. ಸೋಂಕು ಬಂದಾಗ ಕುತ್ತಿಗೆ, ಕಂಕುಳಲ್ಲಿ ಗಂಟು ಊದುತ್ತದಲ್ಲ, ಅದು ದುಗ್ಧಗ್ರಂಥಿ. ಅದರೊಳಗೆ ಬಿ-ಕೋಶಗಳು ಒಂದು ಕಡೆ ಗುಂಪುಸೇರಿ ಅತಿ ವೇಗವಾಗಿ ಹೆಚ್ಚುತ್ತವೆ. ಹೆಚ್ಚುವಾಗಲೇ ತಮ್ಮ ಆ್ಯಂಟಿಬಾಡಿ ಜೀನ್‌ಗಳನ್ನು ಬೇಕೆಂದೇ ಬದಲಾಯಿಸಿಕೊಳ್ಳುತ್ತವೆ. ಈ ಬದಲಾವಣೆ ಕುರುಡು. ಕೆಲವು ಕೋಶಗಳ ಆ್ಯಂಟಿಬಾಡಿ ಚೆನ್ನಾಗುತ್ತದೆ, ಬಹಳಷ್ಟರದ್ದು ಕೆಡುತ್ತದೆ. ಕೆಟ್ಟವು ಸಾಯಬೇಕು. ಅದಕ್ಕಾಗಿಯೇ ಆರೋಗ್ಯವಂತರಲ್ಲಿ ಆ ಜಾಗದ ಬಿ-ಕೋಶಗಳು ಬಿಸಿಎಲ್-2 ತಯಾರಿಕೆಯನ್ನೇ ನಿಲ್ಲಿಸಿರುತ್ತವೆ. ಟಿ-ಕೋಶಗಳ ಸಹಾಯ ಸಿಕ್ಕ ಕೆಲವು ಮಾತ್ರ ಉಳಿಯುತ್ತವೆ.

14 ಮತ್ತು 18ರ ಅದಲು ಬದಲು ಆಗುವುದು ಇದಕ್ಕಿಂತ ಎಷ್ಟೋ ಮೊದಲು, ಅಸ್ಥಿಮಜ್ಜೆಯಲ್ಲಿ. ಬಿ-ಕೋಶ ತನ್ನ ಆ್ಯಂಟಿಬಾಡಿ ಜೀನನ್ನು ಜೋಡಿಸಿಕೊಳ್ಳಲು ಡಿಎನ್‌ಎ ಕತ್ತರಿಸಿ ಅಂಟಿಸುತ್ತದೆ. ಆ ಕೆಲಸದಲ್ಲಿ ತಪ್ಪಾಗಿ 18ರ ಮೇಲಿನ ಬಿಸಿಎಲ್-2 ಜೀನ್ ಬಂದು, 14ರ ಮೇಲಿನ ಆ್ಯಂಟಿಬಾಡಿ ಜೀನಿನ ಪಕ್ಕ ಕೂರುತ್ತದೆ. ಬಿ-ಕೋಶದಲ್ಲಿ ಆ್ಯಂಟಿಬಾಡಿ ಜೀನ್ ಸದಾ ಜೋರಾಗಿ ನಡೆಯುತ್ತಿರುತ್ತದೆ. ಅದರ ಸ್ವಿಚ್ಚಿನ ಅಡಿ ಬಂದ ಬಿಸಿಎಲ್-2 ಕೂಡ ನಿಲ್ಲದೇ ತಯಾರಾಗುತ್ತದೆ. ಫಾಲಿಕ್ಯುಲರ್ ಲಿಂಫೋಮಾದ ಸುಮಾರು 85% ಪ್ರಕರಣಗಳಲ್ಲಿ ಈ ಅದಲು ಬದಲು ಇರುತ್ತದೆ. ಕಾಯಿಲೆಗೆ ಮೂಲವಾಗುವುದು ಕೆಟ್ಟ ಪ್ರೋಟೀನ್ ಅಲ್ಲ ಎಂಬುದನ್ನು ಗಮನಿಸಿ. ಪ್ರೋಟೀನ್ ಅದೇ. ಇರಬಾರದ ಹೊತ್ತಿನಲ್ಲಿ, ಇರಬಾರದ ಜಾಗದಲ್ಲಿ ಅದು ಇದೆ. ಆ್ಯಂಟಿಬಾಡಿ ಕೆಟ್ಟ ಕೋಶವೂ ಸಾಯದೆ ಉಳಿಯುತ್ತದೆ. ಉಳಿದ ಕೋಶ ಮತ್ತೆ ಹೆಚ್ಚುತ್ತದೆ, ಮತ್ತೆ ಬದಲಾಗುತ್ತದೆ, ಮತ್ತೆ ಸಾಯುವುದಿಲ್ಲ.

ವರದಿಯಲ್ಲಿನ ‘ಪಾಸಿಟಿವ್’ಗೆ ಅರ್ಥ ಬರುವುದು ಇಲ್ಲಿಂದ. ಬಿಸಿಎಲ್-2 ಪಾಸಿಟಿವ್ ಎಂದ ಮಾತ್ರಕ್ಕೆ ಕ್ಯಾನ್ಸರ್ ಅಲ್ಲ. ಆರೋಗ್ಯವಂತ ಟಿ-ಕೋಶಗಳಲ್ಲಿ, ವಿಶ್ರಾಂತಿಯಲ್ಲಿರುವ ಬಿ-ಕೋಶಗಳಲ್ಲಿ ಅದು ಇದ್ದೇ ಇರುತ್ತದೆ. ಪೆಥಾಲಜಿಸ್ಟ್ ನೋಡುವುದು ಎಲ್ಲಿ ಪಾಸಿಟಿವ್ ಎಂದು. ಸೋಂಕಿನಿಂದ ಊದಿದ ಗ್ರಂಥಿಯಲ್ಲಿ ಆ ಬಿ-ಕೋಶ ಗುಂಪುಗಳ ನಡುಭಾಗಕ್ಕೆ ಬಿಸಿಎಲ್-2 ತೋರಿಸುವ ಬಣ್ಣ ಹತ್ತುವುದಿಲ್ಲ, ಫಾಲಿಕ್ಯುಲರ್ ಲಿಂಫೋಮಾದಲ್ಲಿ ಹತ್ತುತ್ತದೆ. ಒಂದೇ ಪರೀಕ್ಷೆಯಿಂದ ತೀರ್ಮಾನ ಮಾಡುವುದಿಲ್ಲ, ಬೇರೆ ಗುರುತುಗಳನ್ನೂ ಜೊತೆಗಿಟ್ಟು ನೋಡುತ್ತಾರೆ. ‘ಪಾಸಿಟಿವ್’ ಅಂದರೆ ಕಾಯಿಲೆ ಜೋರಾಗಿದೆ ಎಂದೂ ಅಲ್ಲ. ಈ ಕಾಯಿಲೆಯಲ್ಲಿ ಅದು ನಿರೀಕ್ಷಿತವೇ. ಹಾಗಾಗಿ ವರದಿಯ ಆ ಸಾಲಿನಿಂದ ನೀವು ಹೊಸದಾಗಿ ಹೆದರಬೇಕಾದ್ದು ಏನೂ ಇಲ್ಲ.

ಇನ್ನೂ ಸ್ವಾರಸ್ಯದ ಸಂಗತಿ ಏನೆಂದರೆ, ತೀರಾ ಸೂಕ್ಷ್ಮ ಪರೀಕ್ಷೆ ಮಾಡಿದರೆ ಆರೋಗ್ಯವಂತ ವಯಸ್ಕರಲ್ಲಿ ಸುಮಾರು ಅರ್ಧದಷ್ಟು ಅಥವಾ ಇನ್ನೂ ಹೆಚ್ಚು ಜನರ ರಕ್ತದಲ್ಲಿ 14-18 ಅದಲು ಬದಲಾದ ಕೋಶಗಳು ಒಂದಿಷ್ಟು ಸಿಗುತ್ತವೆ. ಅವರಲ್ಲಿ ಬಹುತೇಕರಿಗೆ ಲಿಂಫೋಮಾ ಬರುವುದೇ ಇಲ್ಲ. ಇಲಿಗಳಲ್ಲೂ ಇದೇ ಕಂಡಿತು. ಸ್ಟಾನ್ಲಿ ಕೋರ್ಸ್‌ಮೇಯರ್ ಅವರ ಪ್ರಯೋಗಾಲಯದಲ್ಲಿ ಇಲಿಗಳ ಬಿ-ಕೋಶಗಳಿಗೆ ಇದೇ ರೀತಿ ಬಿಸಿಎಲ್-2 ಕೂಡಿಸಿದರು. ಮೊದಲು ಬಿ-ಕೋಶಗಳು ಸುಮ್ನೆ ಜಾಸ್ತಿಯಾದವು, ಅಷ್ಟೇ. ಎಷ್ಟೋ ತಿಂಗಳಾದ ಮೇಲೆ ಕೆಲವು ಇಲಿಗಳಿಗೆ ಮಾತ್ರ ಜೋರಾದ ಲಿಂಫೋಮಾ ಬಂತು. ಆ ಗಡ್ಡೆಗಳಲ್ಲಿ ಅರ್ಧದಷ್ಟರಲ್ಲಿ ಮಿಕ್ ಜೀನ್ ಕೂಡ ಕೆಟ್ಟಿತ್ತು.

ಮಿಕ್ ಮತ್ತು ಬಿಸಿಎಲ್-2 ಸೇರಿದರೆ ಯಾಕಷ್ಟು ಕೆಟ್ಟದ್ದು? ಮಿಕ್ ಕೋಶವನ್ನು ಹೆಚ್ಚಿಸುತ್ತದೆ. ಆದರೆ ಅತಿಯಾದರೆ ಅದೇ ಮಿಕ್ ಕೋಶವನ್ನು ಸಾವಿನ ಕಡೆಗೂ ತಳ್ಳುತ್ತದೆ. ದೇಹದ ಒಳ್ಳೆಯ ಮುಂಜಾಗ್ರತೆ ಅದು. ಬಿಸಿಎಲ್-2 ಆ ಮುಂಜಾಗ್ರತೆಯನ್ನು ಕಿತ್ತುಹಾಕುತ್ತದೆ. ಎರಡೂ ಕೆಟ್ಟಿರುವ ಲಿಂಫೋಮಾಗಳನ್ನು ಡಾಕ್ಟರುಗಳು ‘ಡಬಲ್ ಹಿಟ್’ ಎನ್ನುತ್ತಾರೆ. ಅವು ಬೇಗ ಹರಡುತ್ತವೆ, ಮಾಮೂಲಿ ಚಿಕಿತ್ಸೆಗೆ ಸುಲಭವಾಗಿ ಬಗ್ಗುವುದಿಲ್ಲ. ಚಿಕ್ಕಮ್ಮನ ವರದಿಯಲ್ಲಿ ಈ ಮಾತಿಲ್ಲ. ಅದು ಬೇರೆ ಕಾಯಿಲೆ, ಹೆಸರುಗಳನ್ನು ಕಲಸಿಕೊಳ್ಳಬೇಡಿ.

ಹಾಗಾದರೆ ಬಿಸಿಎಲ್-2 ಒಬ್ಬನೇ ಅಪರಾಧಿ ಅಲ್ಲ. ಅದು ಕೋಶಕ್ಕೆ ಕೊಡುವುದು ಸಮಯ. ಬೇಗ ಸಾಯಬೇಕಾದ ಕೋಶ ವರ್ಷಗಟ್ಟಲೆ ಉಳಿದರೆ ಅದರಲ್ಲಿ ಬೇರೆ ಜೀನ್‌ಗಳೂ ಒಂದೊಂದಾಗಿ ಕೆಡಲು ಅವಕಾಶವಾಗುತ್ತದೆ. ಫಾಲಿಕ್ಯುಲರ್ ಲಿಂಫೋಮಾದಲ್ಲಿ ಕೆಎಂಟಿ2ಡಿ, ಕ್ರೆಬ್‌ಬಿಪಿ, ಇಝಡ್‌ಎಚ್2 ಎಂಬ ಜೀನ್‌ಗಳು ಕೆಟ್ಟಿರುವುದು ಸಾಮಾನ್ಯ. ಈ ಕಾಯಿಲೆ ನಿಧಾನವಾಗಿ ಬೆಳೆಯುವುದಕ್ಕೂ, ನಡುವಯಸ್ಸು ದಾಟಿದವರಲ್ಲೇ ಹೆಚ್ಚಾಗಿ ಕಾಣುವುದಕ್ಕೂ ಇದು ಹೊಂದುತ್ತದೆ.

ಕ್ರೋಮೊಸೋಮ್ ಅದಲು ಬದಲಾಗದೆಯೂ ಬಿಸಿಎಲ್-2 ಹೆಚ್ಚಬಹುದು. ಬಿ-ಕೋಶಗಳ ರಕ್ತ ಕ್ಯಾನ್ಸರ್ ಆದ ಕ್ರಾನಿಕ್ ಲಿಂಫೋಸಿಟಿಕ್ ಲ್ಯುಕೇಮಿಯಾ, ಅಂದರೆ ಸಿಎಲ್‌ಎಲ್, ಇದಕ್ಕೆ ಒಳ್ಳೆಯ ಉದಾಹರಣೆ. ಅರ್ಧಕ್ಕಿಂತ ಹೆಚ್ಚು ಸಿಎಲ್‌ಎಲ್ ರೋಗಿಗಳಲ್ಲಿ 13ನೇ ಕ್ರೋಮೊಸೋಮಿನ ಒಂದು ಚೂರು ಕಳೆದುಹೋಗಿರುತ್ತದೆ. ಆ ಚೂರಿನಲ್ಲಿ ಮಿರ್-15ಎ ಮತ್ತು ಮಿರ್-16-1 ಎಂಬ ಎರಡು ಪುಟ್ಟ ಆರ್‌ಎನ್‌ಎಗಳ ಜೀನ್ ಇವೆ. ಬಿಸಿಎಲ್-2 ತಯಾರಿಕೆಯನ್ನು ಹದ್ದುಬಸ್ತಿನಲ್ಲಿಡುವುದು ಅವುಗಳ ಕೆಲಸ. ಅವು ಹೋದವು ಅಂದರೆ ಬಿಸಿಎಲ್-2 ಏರುತ್ತದೆ. ಇದನ್ನು ತೋರಿಸಿದವರಲ್ಲೂ ಅದೇ ಕಾರ್ಲೊ ಕ್ರೋಚೆ ಇದ್ದಾರೆ, ಇಪ್ಪತ್ತು ವರ್ಷದ ನಂತರ.

ಕ್ಯಾನ್ಸರ್ ಬಿಟ್ಟು ಬೇರೆ ಕಾಯಿಲೆ? ಇದೆ. ಬಿಸಿಎಲ್-2 ಹೆಚ್ಚಾದ ಕೆಲವು ಬಗೆಯ ಇಲಿಗಳಿಗೆ ಲೂಪಸ್‌ನಂಥ ಕಾಯಿಲೆ ಬರುತ್ತದೆ. ತಮ್ಮದೇ ಡಿಎನ್‌ಎ ವಿರುದ್ಧ ಆ್ಯಂಟಿಬಾಡಿ ತಯಾರಾಗಿ ಕಿಡ್ನಿ ಕೆಡುತ್ತದೆ. ಸಾಯಬೇಕಿದ್ದ ಬಿ-ಕೋಶ ಉಳಿದದ್ದೇ ಕಾರಣ. ಮನುಷ್ಯರಲ್ಲಿ ಇದಕ್ಕೆ ಹತ್ತಿರದ್ದು ಎಎಲ್‌ಪಿಎಸ್ ಎಂಬ ಅಪರೂಪದ ಹುಟ್ಟುಕಾಯಿಲೆ. ಅಲ್ಲಿ ಕೆಡುವುದು ಬಿಸಿಎಲ್-2 ಅಲ್ಲ, ಹೊರಗಿನಿಂದ ಸಾವಿನ ಆಜ್ಞೆ ತರುವ ಫಾಸ್ ಎಂಬ ಪ್ರೋಟೀನ್. ಫಲ ಮಾತ್ರ ಒಂದೇ ಥರ. ಮಕ್ಕಳಲ್ಲಿ ಗ್ರಂಥಿಗಳು, ಗುಲ್ಮ ಊದುತ್ತವೆ. ರೋಗನಿರೋಧಕ ಕೋಶಗಳು ತಮ್ಮದೇ ರಕ್ತಕಣಗಳನ್ನು ಹೊಡೆಯುತ್ತವೆ. ಮುಂದೆ ಲಿಂಫೋಮಾದ ಅಪಾಯವೂ ಹೆಚ್ಚು.

ವೈರಸ್‌ಗಳಿಗೂ ಈ ಉಪಾಯ ಗೊತ್ತು. ಸೋಂಕು ತಗುಲಿದ ಕೋಶ ತಾನೇ ಸತ್ತರೆ ವೈರಸ್‌ಗೆ ಜಾಗವಿಲ್ಲ. ಎಪ್‌ಸ್ಟೈನ್-ಬಾರ್ ವೈರಸ್ ಬಿಸಿಎಲ್-2 ಹೋಲುವ ಬಿಎಚ್‌ಆರ್‌ಎಫ್1 ಎಂಬ ಪ್ರೋಟೀನನ್ನು ತನ್ನ ಜೊತೆಗೇ ಹೊತ್ತು ತರುತ್ತದೆ.

ಇಷ್ಟೆಲ್ಲ ಓದಿ ಬಿಸಿಎಲ್-2 ಅಂದರೆ ಕೆಡುಕೇ ಅಂದುಕೊಳ್ಳಬೇಡಿ. ಈ ಜೀನ್ ತೆಗೆದುಹಾಕಿದ ಇಲಿಗಳು ಹುಟ್ಟುತ್ತವೆ, ಆದರೆ ಕಿಡ್ನಿ ತುಂಬ ನೀರುಗುಳ್ಳೆಗಳಾಗುತ್ತವೆ, ಲಿಂಫೋಸೈಟ್‌ಗಳು ಖಾಲಿಯಾಗುತ್ತವೆ, ಎಳೆ ಪ್ರಾಯದಲ್ಲೇ ಕೂದಲು ಬೆಳ್ಳಗಾಗುತ್ತದೆ. ಕೂದಲಿಗೆ ಬಣ್ಣ ಕೊಡುವ ಕೋಶಗಳು ಅದಿಲ್ಲದೆ ಬದುಕುವುದಿಲ್ಲ. ಸ್ತನ ಕ್ಯಾನ್ಸರ್‌ನಲ್ಲಂತೂ ಲೆಕ್ಕವೇ ತಲೆಕೆಳಗು. ಅಲ್ಲಿ ಗಡ್ಡೆಯಲ್ಲಿ ಬಿಸಿಎಲ್-2 ಜಾಸ್ತಿ ಇದ್ದರೆ ಸಾಮಾನ್ಯವಾಗಿ ಒಳ್ಳೆಯ ಸೂಚನೆ. ಈಸ್ಟ್ರೋಜೆನ್ ರಿಸೆಪ್ಟರ್ ಕೆಲಸ ಮಾಡುತ್ತಿರುವ ಗಡ್ಡೆಗಳಲ್ಲಿ ಬಿಸಿಎಲ್-2 ಹೆಚ್ಚಿರುತ್ತದೆ, ಅಂಥವು ಹಾರ್ಮೋನ್ ಚಿಕಿತ್ಸೆಗೆ ಬಗ್ಗುತ್ತವೆ. ಜೊತೆಗೆ ಬಿಸಿಎಲ್-2 ಕೋಶ ವಿಭಜನೆಯ ವೇಗವನ್ನು ತುಸು ತಗ್ಗಿಸುತ್ತದೆ ಕೂಡ. ಹಾಗಾಗಿ ಬೇರೊಬ್ಬರ ವರದಿ ಪಕ್ಕದಲ್ಲಿಟ್ಟುಕೊಂಡು ನಿಮ್ಮದನ್ನು ಓದುವುದು ಅಪಾಯ.

ಇನ್ನು ಮಾತ್ರೆ. ಅದರ ಹೆಸರು ವೆನೆಟೊಕ್ಲಾಕ್ಸ್. ಬಿಸಿಎಲ್-2ರ ಮೇಲ್ಮೈಯ ತಗ್ಗು ಹೇಳಿದೆನಲ್ಲ, ಈ ಮದ್ದು ಅಲ್ಲಿ ಹೋಗಿ ಕೂರುತ್ತದೆ. ಬಂಧನದಲ್ಲಿದ್ದ ಬಿಮ್ ಬಿಡುಗಡೆಯಾಗುತ್ತದೆ. ಬ್ಯಾಕ್ಸ್ ಎಚ್ಚರಗೊಳ್ಳುತ್ತದೆ, ಕೋಶ ಸಾಯುತ್ತದೆ. ಹೇಳಲು ಎರಡು ಸಾಲು, ಮಾಡಲು ಎರಡು ದಶಕಕ್ಕೂ ಹೆಚ್ಚು ಹಿಡಿಯಿತು. ಎರಡು ಪ್ರೋಟೀನ್‌ಗಳು ಪರಸ್ಪರ ಹಿಡಿದುಕೊಳ್ಳುವ ಜಾಗಕ್ಕೆ ಸಣ್ಣ ಅಣುವೊಂದನ್ನು ತೂರಿಸುವುದು ಆಗದ ಕೆಲಸ ಎಂದೇ ಬಹಳ ಜನ ನಂಬಿದ್ದರು. ಅಬಟ್ ಕಂಪನಿಯ ಸಂಶೋಧಕರು 2005ರಲ್ಲಿ ಎಬಿಟಿ-737 ಎಂಬ ಅಣುವಿನಿಂದ ಆಗುತ್ತದೆ ಎಂದು ತೋರಿಸಿದರು. ಅದರಿಂದ ಬಂದ ಮಾತ್ರೆ ನ್ಯಾವಿಟೊಕ್ಲಾಕ್ಸ್ ಚೆನ್ನಾಗೇ ಕೆಲಸ ಮಾಡಿತು. ಆದರೆ ರೋಗಿಗಳ ಪ್ಲೇಟ್‌ಲೆಟ್ ದಿಢೀರ್ ಇಳಿಯಿತು. ಕಾರಣ, ಆ ಮಾತ್ರೆ ಬಿಸಿಎಲ್-ಎಕ್ಸ್‌ಎಲ್ ಅನ್ನೂ ತಡೆಯುತ್ತಿತ್ತು. ಪ್ಲೇಟ್‌ಲೆಟ್‌ಗಳ ಆಯುಷ್ಯ ನಿಂತಿರುವುದು ಅದರ ಮೇಲೆ. ಹೀಗಾಗಿ ಅಣುವನ್ನು ಬದಲಾಯಿಸಿ, ಬಿಸಿಎಲ್-2 ಒಂದನ್ನೇ ಹಿಡಿಯುವ ವೆನೆಟೊಕ್ಲಾಕ್ಸ್ ತಯಾರಿಸಿದರು. 2016ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅದಕ್ಕೆ ಮೊದಲ ಒಪ್ಪಿಗೆ ಕೊಟ್ಟಿತು, ಒಂದು ಬಗೆಯ ಸಿಎಲ್‌ಎಲ್‌ಗೆ.

ಇದು ಎಷ್ಟು ಜೋರಾಗಿ ಕೆಲಸ ಮಾಡಿತೆಂದರೆ ಅದೇ ಒಂದು ಸಮಸ್ಯೆಯಾಯಿತು. ಕೋಶಗಳು ಕೆಲವೇ ಗಂಟೆಗಳಲ್ಲಿ ರಾಶಿ ರಾಶಿಯಾಗಿ ಸತ್ತು, ಒಳಗಿದ್ದ ಪೊಟ್ಯಾಸಿಯಂ, ಫಾಸ್ಫೇಟ್ ರಕ್ತಕ್ಕೆ ಸುರಿಯುತ್ತವೆ. ಯೂರಿಕ್ ಆ್ಯಸಿಡ್ ಏರುತ್ತದೆ. ಕಿಡ್ನಿ ಕೈಕೊಡಬಹುದು, ಹೃದಯದ ಬಡಿತ ತಪ್ಪಬಹುದು. ಇದನ್ನು ಟ್ಯೂಮರ್ ಲೈಸಿಸ್ ಎನ್ನುತ್ತಾರೆ. ಆರಂಭದ ಪ್ರಯೋಗಗಳಲ್ಲಿ ಇದರಿಂದ ಸಾವೂ ಆಯಿತು. ಅದಕ್ಕೇ ಈಗ ಸಿಎಲ್‌ಎಲ್‌ಗೆ ದಿನಕ್ಕೆ 20 ಮಿಲಿಗ್ರಾಂನಿಂದ ಶುರು ಮಾಡಿ, ವಾರಕ್ಕೊಮ್ಮೆ 50, 100, 200 ಎಂದು ಏರಿಸಿ, ಐದನೇ ವಾರ 400ಕ್ಕೆ ತರುತ್ತಾರೆ.

ಅಕ್ಯೂಟ್ ಮೈಲಾಯ್ಡ್ ಲ್ಯುಕೇಮಿಯಾ ಎಂಬ ವೇಗದ ರಕ್ತ ಕ್ಯಾನ್ಸರ್‌ನಲ್ಲೂ ಇದು ಉಪಯೋಗಕ್ಕೆ ಬಂದಿದೆ. ಜೋರಾದ ಕೀಮೋ ತಡೆದುಕೊಳ್ಳಲಾಗದ ಹಿರಿಯರಿಗೆ ಅಜಾಸಿಟಿಡಿನ್ ಎಂಬ ಮದ್ದಿನ ಜೊತೆ ವೆನೆಟೊಕ್ಲಾಕ್ಸ್ ಕೊಟ್ಟ ಪ್ರಯೋಗದ ಫಲಿತಾಂಶ 2020ರಲ್ಲಿ ಬಂತು. ಅಜಾಸಿಟಿಡಿನ್ ಒಂದನ್ನೇ ಪಡೆದವರಲ್ಲಿ ಅರ್ಧದಷ್ಟು ಮಂದಿ 9.6 ತಿಂಗಳು ದಾಟಿ ಬದುಕಿದರೆ, ಎರಡನ್ನೂ ಪಡೆದವರಲ್ಲಿ ಅದು 14.7 ತಿಂಗಳು.

ಈಗ ನಿಮ್ಮ ಪ್ರಶ್ನೆ. ಬಿಸಿಎಲ್-2 ಮೊದಲು ಸಿಕ್ಕಿದ್ದೇ ಫಾಲಿಕ್ಯುಲರ್ ಲಿಂಫೋಮಾದಲ್ಲಿ. ಹಾಗಿದ್ದರೆ ಈ ಮಾತ್ರೆ ಅಲ್ಲೇ ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡಬೇಕಿತ್ತು, ಅಲ್ವಾ? ಎಲ್ಲರೂ ಹಾಗೇ ಅಂದುಕೊಂಡಿದ್ದರು. ಆದರೆ ಮೊದಲ ಹಂತದ ಪ್ರಯೋಗಗಳಲ್ಲಿ ಮಾತ್ರೆ ಒಂದನ್ನೇ ಕೊಟ್ಟಾಗ, ಮರುಕಳಿಸಿದ ಸಿಎಲ್‌ಎಲ್‌ನಲ್ಲಿ 79% ರೋಗಿಗಳಲ್ಲಿ ಕಾಯಿಲೆ ತಗ್ಗಿತು. ಮರುಕಳಿಸಿದ ಫಾಲಿಕ್ಯುಲರ್ ಲಿಂಫೋಮಾದಲ್ಲಿ? 38%.

ಯಾಕೆ ಹೀಗೆ? ನನ್ನ ಮಟ್ಟಿಗೆ ಇಡೀ ಬಿಸಿಎಲ್-2 ಕಥೆಯಲ್ಲಿ ತಿಳಿದುಕೊಳ್ಳಬೇಕಾದ್ದು ಇದೊಂದೇ. ಬಿಸಿಎಲ್-2 ಎಷ್ಟಿದೆ ಎನ್ನುವುದು ಮುಖ್ಯವಲ್ಲ. ಅದು ಏನನ್ನು ಹಿಡಿದುಕೊಂಡಿದೆ ಎನ್ನುವುದು ಮುಖ್ಯ. ಸಿಎಲ್‌ಎಲ್ ಕೋಶದಲ್ಲಿ ಬಿಸಿಎಲ್-2 ಬಿಮ್ ಅನ್ನು ಮೈತುಂಬ ಹಿಡಿದಿರುತ್ತದೆ. ಅಂದರೆ ಆ ಕೋಶ ಸಾವಿನ ಅಂಚಿನಲ್ಲೇ ನಿಂತಿದೆ, ಬಿಸಿಎಲ್-2 ಒಂದರ ಬಲದಿಂದ ಬದುಕಿದೆ. ಹಿಡಿತ ಬಿಡಿಸಿದರೆ ಸಾಕು, ಕಥೆ ಮುಗಿಯಿತು. ಬಾಸ್ಟನ್‌ನ ಡಾನಾ-ಫಾರ್ಬರ್ ಸಂಸ್ಥೆಯಲ್ಲಿ ಆಂಥನಿ ಲೆಟೈ ಅವರ ತಂಡ ಕೋಶ ಈ ಅಂಚಿಗೆ ಎಷ್ಟು ಹತ್ತಿರ ಇದೆ ಎಂದು ಅಳೆಯುವ ವಿಧಾನವನ್ನೇ ರೂಪಿಸಿದೆ. ಮೈಟೊಕಾಂಡ್ರಿಯಾಕ್ಕೆ ಬಿಮ್‌ನಂಥ ತುಣುಕುಗಳನ್ನು ಕೊಟ್ಟು, ಅದು ಎಷ್ಟು ಬೇಗ ಸೋರುತ್ತದೆ ಎಂದು ನೋಡುತ್ತಾರೆ. ಫಾಲಿಕ್ಯುಲರ್ ಲಿಂಫೋಮಾದ ಕೋಶದಲ್ಲಿ ಬಿಸಿಎಲ್-2 ಧಾರಾಳ ಇದ್ದರೂ, ಪಕ್ಕದಲ್ಲಿ ಎಂಸಿಎಲ್-1, ಬಿಸಿಎಲ್-ಎಕ್ಸ್‌ಎಲ್ ಕೂಡ ನಿಂತಿರಬಹುದು. ಗ್ರಂಥಿಯೊಳಗಿನ ನೆರೆಯ ಕೋಶಗಳು ಕಳಿಸುವ ಸಂದೇಶಗಳಿಂದ ಅವು ಇನ್ನೂ ಹೆಚ್ಚುತ್ತವೆ. ಬಿಸಿಎಲ್-2 ಬಿಟ್ಟ ಬಿಮ್ ಅನ್ನು ಅವು ಹಿಡಿದುಕೊಳ್ಳುತ್ತವೆ. ಮಾತ್ರೆ ತನ್ನ ಕೆಲಸ ಮಾಡಿದೆ, ಕೋಶ ಮಾತ್ರ ಬದುಕಿದೆ.

ಹಾಗಾದರೆ ಎಂಸಿಎಲ್-1 ಅನ್ನೂ ತಡೆದರೆ ಆಯಿತಲ್ಲ? ಆ ಪ್ರಯತ್ನ ನಡೆದಿದೆ. ಆದರೆ ಹೃದಯದ ಸ್ನಾಯುವಿಗೆ ಎಂಸಿಎಲ್-1 ಬೇಕೇ ಬೇಕು. ಅಂಥ ಕೆಲವು ಮದ್ದುಗಳ ಪ್ರಯೋಗದಲ್ಲಿ ಹೃದಯಕ್ಕೆ ಪೆಟ್ಟಾದ ಗುರುತುಗಳು ರಕ್ತದಲ್ಲಿ ಕಂಡು, ಪ್ರಯೋಗಗಳನ್ನು ನಿಲ್ಲಿಸಬೇಕಾಯಿತು. ಸಿಎಲ್‌ಎಲ್‌ನಲ್ಲೂ ವೆನೆಟೊಕ್ಲಾಕ್ಸ್ ಎಲ್ಲರಿಗೂ ಕೊನೆಯವರೆಗೆ ಸಾಗುವುದಿಲ್ಲ. ಬಹಳ ಕಾಲ ತೆಗೆದುಕೊಂಡ ಕೆಲವರಲ್ಲಿ ಬಿಸಿಎಲ್-2ರ 101ನೇ ಅಮೈನೊ ಆ್ಯಸಿಡ್ ಬದಲಾಗಿ, ಮದ್ದು ತಗ್ಗಿನಲ್ಲಿ ಗಟ್ಟಿಯಾಗಿ ಕೂರದಂತಾಗಿರುವುದು 2019ರಲ್ಲಿ ಗೊತ್ತಾಯಿತು. ನಿರಂತರವಾಗಿ ಕೊಡುವ ಬದಲು ಇನ್ನೊಂದು ಮದ್ದಿನ ಜೊತೆ ಸೇರಿಸಿ ಒಂದೋ ಎರಡೋ ವರ್ಷಕ್ಕೆ ನಿಲ್ಲಿಸುವ ಪದ್ಧತಿ ಈಗ ಹೆಚ್ಚುತ್ತಿರುವುದಕ್ಕೆ ಇದೂ ಒಂದು ಕಾರಣ.

ಇನ್ನು ‘ಕಾದು ನೋಡೋಣ’ ಎಂಬ ಮಾತು. ಇದು ಕೈಚೆಲ್ಲಿ ಕೂರುವುದಲ್ಲ, ಪರೀಕ್ಷಿಸಿ ನೋಡಿದ ಮೇಲೆ ಬಂದ ಪದ್ಧತಿ. ಗಂಟುಗಳು ಚಿಕ್ಕದಿದ್ದು, ತೊಂದರೆ ಏನೂ ಇಲ್ಲದ ಫಾಲಿಕ್ಯುಲರ್ ಲಿಂಫೋಮಾ ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ತಕ್ಷಣ ಚಿಕಿತ್ಸೆ ಶುರು ಮಾಡಿ, ಇನ್ನೊಂದನ್ನು ಗಮನದಲ್ಲಿಟ್ಟು ಕಾದ ಪ್ರಯೋಗಗಳು ನಡೆದಿವೆ. ಒಟ್ಟು ಆಯುಷ್ಯದಲ್ಲಿ ವ್ಯತ್ಯಾಸ ಕಾಣಲಿಲ್ಲ. ನಿಧಾನವಾಗಿ ಹೆಚ್ಚುವ, ಆದರೆ ಸುಲಭಕ್ಕೆ ಸಾಯದ ಕೋಶಗಳ ಕಾಯಿಲೆಯಲ್ಲಿ ಇದು ಆಶ್ಚರ್ಯವೂ ಅಲ್ಲ. ಮದ್ದಿನ ಅಡ್ಡ ಪರಿಣಾಮಗಳನ್ನು ಬೇಗ ಶುರು ಮಾಡಿಕೊಂಡು ಸಿಗುವ ಲಾಭ ಕಮ್ಮಿ. ಆದರೆ ಕಾಯಿಲೆ ಒಂದೇ ಜಾಗದಲ್ಲಿದ್ದರೆ ರೇಡಿಯೇಶನ್ ಕೊಡುವ ಯೋಚನೆ ಮಾಡುತ್ತಾರೆ. ಚಿಕಿತ್ಸೆ ಬೇಕಾದಾಗ ಸಾಮಾನ್ಯವಾಗಿ ಮೊದಲು ಬರುವುದು ಬಿ-ಕೋಶದ ಮೇಲಿನ ಸಿಡಿ20 ಗುರುತನ್ನು ಹಿಡಿಯುವ ರಿಟುಕ್ಸಿಮ್ಯಾಬ್‌ನಂಥ ಆ್ಯಂಟಿಬಾಡಿ, ಅಗತ್ಯವಿದ್ದರೆ ಕೀಮೋ ಜೊತೆಗೆ.

ಕಾಯುವಾಗ ನೀವು ಮಾಡಬೇಕಾದ್ದು ಇದೆ. ಕಾರಣವಿಲ್ಲದ ಜ್ವರ, ರಾತ್ರಿ ಬಟ್ಟೆ ತೊಯ್ಯುವಷ್ಟು ಬೆವರು, ತೂಕ ಇಳಿಯುವುದು, ಒಂದು ಗಂಟು ಬೇರೆಲ್ಲಕ್ಕಿಂತ ಬೇಗ ದೊಡ್ಡದಾಗುವುದು, ಇವು ಕಂಡರೆ ಮುಂದಿನ ಅಪಾಯಿಂಟ್‌ಮೆಂಟ್ ತನಕ ಕಾಯಬೇಡಿ. ವರ್ಷಕ್ಕೆ ಸುಮಾರು 2ರಿಂದ 3% ರೋಗಿಗಳಲ್ಲಿ ಈ ಕಾಯಿಲೆ ವೇಗದ ಲಿಂಫೋಮಾ ಆಗಿ ಬದಲಾಗುತ್ತದೆ. ಹಾಗೆ ಅನುಮಾನ ಬಂದರೆ ಮತ್ತೊಮ್ಮೆ ಬಯಾಪ್ಸಿ ಮಾಡುತ್ತಾರೆ. ಆಗ ಮಿಕ್ ಜೀನ್ ಪರೀಕ್ಷೆಯನ್ನೂ ಮಾಡಿಸುತ್ತಾರಾ ಎಂದು ಕೇಳಿ.

‘ಬಿಸಿಎಲ್-2 ತಗ್ಗಿಸುತ್ತದೆ’ ಎಂದು ಮಾರುವ ಗಿಡಮೂಲಿಕೆ ಸತ್ವದ ಮಾತ್ರೆಗಳನ್ನು ಚಿಕ್ಕಮ್ಮನಿಗೆ ಕೊಡಬೇಡಿ. ಪ್ರಯೋಗಾಲಯದ ತಟ್ಟೆಯಲ್ಲಿ ಬಿಸಿಎಲ್-2 ತಗ್ಗಿಸುವ ವಸ್ತುಗಳು ನೂರಾರಿವೆ. ಮನುಷ್ಯರ ಲಿಂಫೋಮಾ ಅದರಿಂದ ಗುಣವಾಗುತ್ತದೆ ಎಂದು ತೋರಿಸುವುದು ಬೇರೆಯೇ ಮಾತು. ಮುಂದೆ ಯಾವತ್ತಾದರೂ ವೆನೆಟೊಕ್ಲಾಕ್ಸ್ ಶುರು ಮಾಡಿದರೆ ಇನ್ನೂ ಜೋಪಾನ ಬೇಕು. ಆ ಮಾತ್ರೆಯನ್ನು ಲಿವರಿನಲ್ಲಿ ಕರಗಿಸುವ ಕಿಣ್ವವನ್ನು ಗ್ರೇಪ್‌ಫ್ರೂಟ್ ರಸ, ಕೆಲವು ಫಂಗಸ್ ಮದ್ದುಗಳು, ಕೆಲವು ಆ್ಯಂಟಿಬಯೋಟಿಕ್‌ಗಳು ತಡೆಯುತ್ತವೆ. ಆಗ ರಕ್ತದಲ್ಲಿ ಮದ್ದಿನ ಪ್ರಮಾಣ ಅಪಾಯಕ್ಕೆ ಏರಬಹುದು. ಅವರು ತೆಗೆದುಕೊಳ್ಳುವ ಎಲ್ಲ ಮಾತ್ರೆಗಳ ಪಟ್ಟಿಯನ್ನು, ಔಷಧಿ ಎಂದು ನೀವು ಲೆಕ್ಕಕ್ಕೇ ಹಿಡಿಯದವನ್ನೂ ಸೇರಿಸಿ, ಡಾಕ್ಟರಿಗೆ ಮೊದಲೇ ತೋರಿಸಿ.